ಫಿಯಾಟಿನ ಹೊಳಪಿನ ಪಟ್ಟಿ

…ಆ ಸುತ್ತಿಗಿ ಕೆಳಗಿಡು! ಇಡಂದ್ರ ಇಡು, ಮಧುಮತಿ! ಕಬ್ಬಿಣದ್ದು ಕಾರಿನ ಹತ್ರ ತರಬ್ಯಾಡ ಅಂತ ಎಷ್ಟ್ ಸಲ ಬಡ್ಕೊಳ್ಳಲಿ? ನಮ್ಮಪ್ಪನ ಫಿಯಾಟ್ ಇದು, ದನದ ಶೆಡ್ಡಿನ ತಗಡಲ್ಲ! ಗ್ಯಾರೇಜಿನ ಧರೆಪ್ಪ ಹಿಂಗ ಬಡದ ಹಳೀ ಪಟ್ಟಿ ನೆಗ್ಗಿಸಿದ, ಬಾಗಲದ ಬಣ್ಣಾನೂ ಎಬ್ಬಿಸಿದ. ಅದಕ್ಕ ಈ ಹೊಸಾ ಪಟ್ಟಿ ಮನ್ಯಾಗ ಹಚ್ಚೂದು!

ಏನಂದಿ? ನಾನ ಯಾಕ ಹಚ್ಚಬಾರದು? ಸೊಂಟ ಹಿಡದೈತಿ ಅಂದ್ನೆಲ್ಲ! ಬಗ್ಗಾಕ ಬರೂದಿಲ್ಲ. ಗಾಡಿ ಹೊಡಿಯಾಕೇನಾಗೇತಿ? ಕುಂತ ಹೊಡಿಯೂದು! ನಾಳೆ ಜಮಖಂಡಿಗೆ ಹೋಗಿ ಮಗಳನ್ನ, ಕೂಸನ್ನ ನಾನ ಕರಕೊಂಡ ಬರಾಂವ. ಕಾವ್ಯಾನ ಕೂಸು ಈ ಕಾರಿನ್ಯಾಗ ಮುಧೋಳಕ್ಕ ಬರಬೇಕು. ದಾರಿ ತುಂಬ ಕಬ್ಬಿನ ಟ್ರ್ಯಾಕ್ಟರ್ ಅದಾವ? ಇರಲಿ! ನಾ ನಿನ್ನೆ ಕಲತಾಂವೇನ?

ಹಾಂ, ಈಗ ಕೇಳು. ಪಟ್ಟಿ ಮ್ಯಾಲಿನ ಅಂಚು ಮೊದಲ ಕ್ಲಿಪ್ಪಿಗೆ ಸಿಗಸು. ಆಮ್ಯಾಲೆ ಕೆಳಗಿಂದು ಅಂಗೈಲೆ ಒತ್ತು… ಮುಂದಿನಿಂದ ಹಿಂದಕ್ಕ… ಟಕ್ ಅನಬೇಕು. ನಡುವ ಬಗ್ಗಸಬ್ಯಾಡ! ಒಮ್ಮೆ ಮಡಚಿತಂದ್ರ ಮತ್ತ ನೆಟ್ಟಗಾಗಂಗಿಲ್ಲ. ಯಾಕ ನಗತಿ? ನಗೂ ಮಾತೇನಿದು?

ಅಯ್ಯಯ್ಯ! ಕರ್ ಅಂತಲ್ಲ! ಗೀರಿದಿ! ಸರಿ, ಸರಿ ಆಚೀಗೆ… ನೋಡಿಲ್ಲಿ, ಬೆಳ್ಳಗ, ಗೇಣುದ್ದ! ಬಣ್ಣ ಹೋತು! ಏನೂ ಆಗಿಲ್ಲ ಅಂತೀಯಾ? ನನಗ ಕಣ್ಣಿಲ್ಲೇನ? ಮುಟ್ಟಿ ತೋರಸ್ತೇನಿ ತಡಿ, ಇಲ್ಲಿ…

…ಟೇಪ? ಬಣ್ಣ ಉಳೀಲಿ ಅಂತ ನಾನ ಅಂಟಿಸು ಅಂದ ಬಿಳೀ ಟೇಪು…

ಬಿಸಲಿಗೆ ಹಂಗ ಕಂಡ್ತು! ಅದಕ್ಕೇನೀಗ? ಹಚ್ಚು, ಹಚ್ಚು! ಸುಮ್ನ ಯಾಕ ನಿಂತಿ? ಮಧೂ? ಮಾತಾಡು! ಮುಖದ ಮುಂದ ಏನದು… ಬಳಿ ಸಪ್ಪಳ… ಕೈ ಆಡಸಾಕತ್ತಿಯಾ? ತಗಿ ಕೈ! ಗಂಡನ್ನ ಪರೀಕ್ಷಾ ಮಾಡಾಕ ನಾಚಿಕಿ ಬರಂಗಿಲ್ಲ? ಬೆರಳ ಎಷ್ಟದಾವ ಹೇಳಬೇಕಾ? ಹೇಳ್ಲಾ? ಮೂರು! … ನಾಕು?

ಹೌದಂತಾದ್ರೂ ಅನ್ನು. ಅಲ್ಲಂತಾದ್ರೂ ಅನ್ನು!

ಬೈಯೂದಿದ್ರ ಬೈ. ಕಣ್ಣಿನ ನಡುವಷ್ಟ ಕಪ್ಪಾಗೇತಿ, ಅಂಚಿಗೆ ಕಾಣ್ತೈತಿ, ಖರೇನ. ದೀಪಾವಳಿಯಿಂದ ಹಿಂಗ… ಹೇಳಿದ್ರ ಚಾವಿ ಕಸಗೋತಿದ್ದಿ. ಕಸಗೋಬೇಕಾಗಿತ್ತು. ಹಸೀ ಕೂಸು, ಅದನ್ನ ಕುಂದ್ರಿಸಿಕೊಂಡು ನಾ…

ತಗೋ. ಚಾವಿ ತಗೋ. ನಿನ್ನ ತಮ್ಮ ದುರಗೇಶ ಹೊಡೀಲಿ. ನಾ ಹಿಂದ ಕುಂಡ್ರತೇನಿ. ಕೂಸನ್ನ… ನನ್ನ ತೊಡೀ ಮ್ಯಾಲೆ ಕೊಡ್ತೀರಿಲ್ಲ? ಸ್ವಲ್ಪ ಹೊತ್ತಾದ್ರೂ?