ಪರದೆಯ ಮೇಲೆ ಬರುವ ಹಾಗೆ ಹೇಳಿ

ಈ ಸಮಾರಂಭದ ಅಧ್ಯಕ್ಷರೂ ನಮ್ಮ ಪ್ರೌಢಶಾಲೆಯ ಆಡಳಿತ ಮಂಡಳಿಯ ಮುಖ್ಯಸ್ಥರೂ ಆದ ಶ್ರೀ ಸುಭಾಷ ಅವರೇ, ಲಕ್ಷ್ಮೇಶ್ವರದಿಂದ ಬಿಸಿಲಲ್ಲಿ ಬಂದಿರುವ ಮುಖ್ಯ ಅತಿಥಿಗಳೇ, ಮುಖ್ಯೋಪಾಧ್ಯಾಯರೇ, ನನ್ನ ಸಹೋದ್ಯೋಗಿಗಳೇ, ಮಗ್ಗ ನಿಲ್ಲಿಸಿ ಬಂದಿರುವ ಬೆಟಗೇರಿಯ ತಾಯಿ ತಂದೆಯರೇ, ಊಟ ಯಾವಾಗ ಎಂದು ಕಾಯುತ್ತಿರುವ ನನ್ನ ಮಕ್ಕಳೇ, ಮೊದಲ ಸಾಲಿನಲ್ಲಿ ಕುಳಿತು ನನ್ನ ಮುಖ ಬಿಟ್ಟು ನನ್ನ ಹಿಂದಿನ ಪರದೆಯನ್ನೇ ನೋಡುತ್ತಿರುವ ಅಫ್ರೀನಳೇ, ಹಾಗೂ ಎಲ್ಲ ಸಭಿಕರೇ,

ಇವತ್ತು ನನ್ನ ಬೀಳ್ಕೊಡುಗೆ. ಐದು ನಿಮಿಷ ಮಾತನಾಡಿ, ಎಲ್ಲರ ಉಪಕಾರ ನೆನೆದು, ಶಾಲು ಹೊದ್ದು ಕುಳಿತುಕೊಳ್ಳಿ ಎಂದು ನನಗೆ ಹೇಳಲಾಗಿದೆ. ಇಷ್ಟು ವರ್ಷ ವಿಜ್ಞಾನ ಪಾಠ ಹೇಳಿದವಳು ಐದು ನಿಮಿಷದಲ್ಲಿ ಏನು ಹೇಳಿಯಾಳು? ಗಂಟೆ ಹೊಡೆಯದೆ ನನ್ನ ಬಾಯಿ ನಿಲ್ಲುವುದಿಲ್ಲ ಎಂಬುದು ಸುಭಾಷ ಅವರಿಗೆ ಚೆನ್ನಾಗಿ ಗೊತ್ತು. ಅವರು ನನ್ನ ಕೈಯಲ್ಲೇ ಕಲಿತವರು. ಆಗ ಹಿಂದಿನ ಬೆಂಚಿನಲ್ಲಿ ಕೂರುತ್ತಿದ್ದರು, ಈಗ ನಡುವಿನ ದೊಡ್ಡ ಕುರ್ಚಿಯಲ್ಲಿ ಕುಳಿತಿದ್ದಾರೆ. ನನಗೆ ಸಂತೋಷವೇ. ನೀವೆಲ್ಲ ನಗುತ್ತಿದ್ದೀರಿ, ಹಲ್ಲು ಕಾಣುತ್ತಿವೆ.

ನಗುವುದಕ್ಕೆ ಇನ್ನೊಂದು ಕಾರಣವೂ ಇರಬಹುದು. "ನಮ್ಮ ಸಿದ್ದಲಿಂಗವ್ವ ಅಕ್ಕೋರಿಗೆ ಏನಾತಲೇ? ರೇಡಿಯೋದಾಗ ವಾರ್ತೆ ಓದಿದಂಗ ಮಾತಾಡಾಕತ್ಯಾರಲಾ!" ಎಂದು ನನ್ನ ತಮ್ಮನೇ ಮನೆಯಲ್ಲಿ ಹಂಗಿಸುತ್ತಾನೆ. ನೋಡಿ, ಅವನ ಮಾತು ಹೇಳಿದ ತಕ್ಷಣ ಪರದೆ ಕಣ್ಣು ಕಣ್ಣು ಬಿಟ್ಟಿತು. ಅಫ್ರೀನ, ಆ ಸಾಲು ಬಿಡು, ಆಮೇಲೆ ಬರೆದು ಕೊಡುತ್ತೇನೆ. ಸಭಿಕರೇ, ಮೈಕಿನ ಪಕ್ಕದಲ್ಲಿರುವ ಈ ಫೋನು ನಾನು ಆಡಿದ್ದನ್ನು ಕೇಳಿಸಿಕೊಂಡು ಪರದೆಯ ಮೇಲೆ ಅಕ್ಷರ ಮಾಡುತ್ತದೆ. ಆದರೆ ಅದಕ್ಕೆ ಪುಸ್ತಕದ ಕನ್ನಡ ಬೇಕು, ನಮ್ಮ ಬೆಟಗೇರಿಯ ಕನ್ನಡ ಅದಕ್ಕಿನ್ನೂ ಬರುವುದಿಲ್ಲ. ಅದು ಕಲಿಯಲಿಲ್ಲ, ಅದಕ್ಕೇ ನಾನು ಕಲಿತೆ.

ಕಂಪ್ಯೂಟರು ನನಗೆ ಯಾರೂ ಹೇಳಿಕೊಡಲಿಲ್ಲ. ಶಿಷ್ಯವೇತನದ ಅರ್ಜಿಯಲ್ಲಿ ಮಕ್ಕಳ ಫೋಟೋ ದೊಡ್ಡದಾಯಿತು ಎಂದು ಮತ್ತೆ ಮತ್ತೆ ತಿರಸ್ಕಾರವಾಗುತ್ತಿತ್ತು. ಸಿಟ್ಟು ಬಂದು ಇಂಟರ್ನೆಟ್ಟಿನಲ್ಲಿ ಹುಡುಕಿದೆ. ಫೋಟೋ ಸಣ್ಣದು ಮಾಡುವ ಪುಟವೊಂದು ಪುಕ್ಕಟೆ ಸಿಕ್ಕಿತು. ರುಚಿ ಹತ್ತಿತು. ಪ್ರಶ್ನೆಗಳನ್ನು ಆಟ ಮಾಡುವ ಪುಟ, ನಕ್ಷತ್ರಗಳನ್ನು ಮಟಮಟ ಮಧ್ಯಾಹ್ನ ಗೋಡೆಯ ಮೇಲೆ ತೋರಿಸುವ ಪುಟ, ಕಪ್ಪೆಯನ್ನು ಕೊಲ್ಲದೆ ಅದರ ಹೊಟ್ಟೆಯೊಳಗಿನದನ್ನೆಲ್ಲ ಬಿಚ್ಚಿಡುವ ಪುಟ! ಪುಕ್ಕಟೆ ಸಿಕ್ಕರೆ ನನಗೊಂದಿರಲಿ, ನಮ್ಮಪ್ಪನಿಗೊಂದಿರಲಿ ಎಂಬಂತಾಯಿತು ನನ್ನ ಅವಸ್ಥೆ. ಬ್ಯಾಂಕಿನ ಕಾರ್ಡಿನ ನಂಬರು ಕೇಳಿದ ಪುಟಗಳಿಗೆ ಮಾತ್ರ ಕೈಮುಗಿದು ಹೊರಗೆ ಬಂದೆ. ಆಡಿದ್ದನ್ನು ಬರೆಯುವ ಈ ಪುಟವನ್ನೂ ಹಾಗೆಯೇ ಹುಡುಕಿದೆ. ಯಾಕೆ ಹುಡುಕಿದೆ ಎಂಬುದು ಬೇರೆ ಮಾತು, ಈಗ ಬೇಡ.

ಇದನ್ನು ಮೊದಲು ನೋಡಿದಾಗ ಅಧ್ಯಕ್ಷರು ಏನೆಂದರು? "ಅಕ್ಕೋರ, ಪುಕ್ಕಟೆ ಸಿಕ್ಕಿದ್ದಕ್ಕ ಕಿಮ್ಮತ್ತಿರೂದಿಲ್ರಿ" ಎಂದರು. ಸ್ವಾಮಿ, ನೀವು ಇದೇ ಶಾಲೆಯಲ್ಲಿ ಪುಕ್ಕಟೆ ಕಲಿತಿರಿ. ಸಂಜೆ ನನ್ನ ಮನೆಯ ಕಟ್ಟೆಯ ಮೇಲೆ ಕುಳಿತು ಗಣಿತವನ್ನೂ ಪುಕ್ಕಟೆ ಕಲಿತಿರಿ, ಮೇಲೆ ಚುರುಮುರಿ ತಿಂದಿರಿ. ನಿಮಗೆ ಕಿಮ್ಮತ್ತಿಲ್ಲವೇ?

ಇರಲಿ. ಅಫ್ರೀನಳ ವಿಷಯಕ್ಕೆ ಬರುತ್ತೇನೆ. ಎಂಟನೆಯ ತರಗತಿಗೆ ಸೇರಿದಾಗ ಎಲ್ಲರೂ ಈ ಹುಡುಗಿ ಮಂದ ಎಂದರು. ಕೇಳಿದ್ದಕ್ಕೆಲ್ಲ ತಲೆ ಆಡಿಸುತ್ತಾಳೆ, ಪರೀಕ್ಷೆಯಲ್ಲಿ ಮಾತ್ರ ಖಾಲಿ ಹಾಳೆ ಕೊಡುತ್ತಾಳೆ ಎಂದರು. ನಾನು ಒಂದು ವಾರ ಅವಳ ಕಣ್ಣನ್ನೇ ನೋಡಿದೆ. ಅವಳು ಪುಸ್ತಕ ನೋಡುತ್ತಿರಲಿಲ್ಲ, ಹಲಗೆ ನೋಡುತ್ತಿರಲಿಲ್ಲ, ನನ್ನ ಬಾಯಿ ನೋಡುತ್ತಿದ್ದಳು. ಅವಳಿಗೆ ಕಿವಿ ಕೇಳುವುದಿಲ್ಲ ಎಂದು ನನಗೆ ತಿಳಿಯಿತು.

ಯಾಕೆಂದರೆ ನಾನೂ ಮಗ್ಗದ ಮನೆಯವಳು. ವಿದ್ಯುತ್ ಮಗ್ಗ ತಿರುಗುವ ಮನೆಯಲ್ಲಿ ಯಾರ ಮಾತೂ ಯಾರಿಗೂ ಕೇಳುವುದಿಲ್ಲ ಎಂಬುದು ಇಲ್ಲಿ ಕುಳಿತ ಅರ್ಧ ಜನಕ್ಕೆ ಗೊತ್ತು. ನಾವು ಕೈಯಲ್ಲಿ ಮಾತನಾಡುತ್ತೇವೆ, ತುಟಿ ಓದುತ್ತೇವೆ, ತಿಳಿಯದಿದ್ದರೆ ತಲೆ ಆಡಿಸಿಬಿಡುತ್ತೇವೆ. ನನ್ನ ಅವ್ವ ರಾಮವ್ವ ಮಗ್ಗದ ಮುಂದೆ ಕಂಡಿಕಿಗೆ ನೂಲು ಸುತ್ತುತ್ತಲೇ ಪೂರ್ತಿ ಕಿವುಡಿಯಾದಳು, ಮನೆಯಲ್ಲಿ ಒಬ್ಬರಿಗೂ ಗೊತ್ತಾಗಲಿಲ್ಲ. ಹೇಗೆ ಗೊತ್ತಾಗಬೇಕು? ಅಲ್ಲಿ ಎಲ್ಲರೂ ಕಿವುಡರ ಹಾಗೆಯೇ ಬದುಕುತ್ತೇವೆ! ಮಗ್ಗ ಮಾರಿದ ದಿನ ಮನೆ ತಣ್ಣಗಾಯಿತು. ನಾನು ಹಿಂದಿನಿಂದ ಅವ್ವಾ ಎಂದು ಕರೆದೆ. ಅವಳು ತಿರುಗಲಿಲ್ಲ. ಮತ್ತೆ ಕರೆದೆ, ಅವಳು ಕಂಡಿಕಿಯ ಬುಟ್ಟಿ ತೊಳೆಯುತ್ತಲೇ ಇದ್ದಳು.

ಅಫ್ರೀನಳ ತಾಯಿ ಗುಲಾಬಬಿಗೂ ಹಾಗೆಯೇ ಗೊತ್ತಾಗಿರಲಿಲ್ಲ. ಚಿಕ್ಕಂದಿನಲ್ಲಿ ಜ್ವರ ಬಂದು ಹೋದ ಮೇಲೆ ಮಗಳ ಕಿವಿ ಮಂದವಾಗುತ್ತ ಬಂದಿತ್ತು. ದವಾಖಾನೆಗೆ ಹೋದೆವು, ಕಿವಿಯ ಯಂತ್ರ ಕೊಟ್ಟರು. ಅದು ಮನೆಯಲ್ಲಿ ಮಗ್ಗದ ಸದ್ದನ್ನೂ ಶಾಲೆಯಲ್ಲಿ ಬೆಂಚಿನ ಸದ್ದನ್ನೂ ದೊಡ್ಡದು ಮಾಡಿತು, ಮಾತನ್ನು ಬಿಡಿಸಿ ಕೊಡಲಿಲ್ಲ. ಆಗ ಹಳೆಯ ವಿದ್ಯಾರ್ಥಿಗಳು ಕೊಟ್ಟಿದ್ದ ಪ್ರೊಜೆಕ್ಟರನ್ನು ಕಪಾಟಿನಿಂದ ತೆಗೆದು, ಈ ಪುಕ್ಕಟೆ ಪುಟವನ್ನು ತರಗತಿಯ ಗೋಡೆಯ ಮೇಲೆ ಬಿಟ್ಟೆ. ಒಂದು ನಿಯಮವನ್ನೂ ಮಾಡಿದೆ. ಪ್ರಶ್ನೆ ಕೇಳುವವರು ಮುಂದೆ ಬಂದು, ಫೋನಿನ ಹತ್ತಿರ, ಪುಸ್ತಕದ ಕನ್ನಡದಲ್ಲೇ ಕೇಳಬೇಕು. ಹುಡುಗರಿಗೆ ಅದೊಂದು ನಾಟಕ. "ಪೂಜ್ಯ ಗುರುಮಾತೆಯೇ, ಆಮ್ಲವೆಂದರೆ ಯಾವುದು?" ಎಂದು ಕೈ ಬೀಸಿ ಕೇಳುತ್ತಿದ್ದರು. ಕೇಳಲಿ ಬಿಡಿ, ಅಂತೂ ಕೇಳಿದರಲ್ಲ.

ಹತ್ತು ಹನ್ನೆರಡು ದಿನ ಅಫ್ರೀನ ಬರೀ ಓದಿದಳು. ಆಮೇಲೆ ಒಂದು ದಿನ ಬೆಳಕಿನ ವಕ್ರೀಭವನ ಹೇಳುತ್ತಿದ್ದೆ. ಈ ಹುಡುಗಿ ಎದ್ದು ನಿಂತಳು. "ನನಗ ತಿಳೀಲಿಲ್ರಿ ಅಕ್ಕೋರ" ಎಂದಳು. ಇಷ್ಟು ವರ್ಷ ತಿಳಿಯದೆಯೇ ತಲೆ ಆಡಿಸಿದವಳು, ತಿಳಿಯಲಿಲ್ಲ ಎಂದಳು! ಆ ದಿನ ನಾನು ತರಗತಿಯಲ್ಲೇ ಅತ್ತೆ, ಅದರಲ್ಲಿ ನಾಚಿಕೆ ಏನೂ ಇಲ್ಲ. ಮುಂದಿನ ತಿಂಗಳು ಗುಲಾಬಬಿ ಬಂದು ದೂರು ಹೇಳಿದಳು. "ಮೊದಲ ಏನ್ ಹೇಳಿದ್ರೂ ಹೂಂ ಅಂತಿದ್ಲರಿ. ಈಗ ಎಲ್ಲಾದಕ್ಕೂ ಯಾಕ ಅಂತ ಕೇಳಾಕತ್ಯಾಳ. ನನಗ ಸಾಕಾಗೇತಿ ನೋಡ್ರಿ ಅಕ್ಕೋರ."

ಈಗ ಅಫ್ರೀನ ಒಂಬತ್ತನೆಯ ತರಗತಿ. ಜೂನ್ ತಿಂಗಳಲ್ಲಿ ಹತ್ತಕ್ಕೆ ಬರಬೇಕು. ಬರುತ್ತಾಳೆಯೇ? ಕಳೆದ ವಾರದ ಸಭೆಯಲ್ಲಿ ಏನು ತೀರ್ಮಾನವಾಯಿತು ಎಂದು ಈ ತಾಯಂದಿರಿಗೆ ಯಾರಾದರೂ ಹೇಳಿದ್ದೀರಾ? ನಾನು ಹೇಳುತ್ತೇನೆ. ಅಕ್ಕೋರು ನಿವೃತ್ತರಾದ ಮೇಲೆ ಪ್ರೊಜೆಕ್ಟರು ಆಫೀಸಿಗೆ ಹೋಗುತ್ತದೆ. ಅಫ್ರೀನಳಿಗೆ ಟಿ.ಸಿ. ಕೊಡುತ್ತಾರೆ. ಬೇಕಾದರೆ ಮನೆಯಲ್ಲಿ ಓದಿಕೊಂಡು ಖಾಸಗಿಯಾಗಿ ಪರೀಕ್ಷೆಗೆ ಕೂರಲಿ ಎನ್ನುತ್ತಾರೆ. "ಒಂದ ಹುಡುಗಿ ಸಲುವಾಗಿ ನೂರಕ್ಕ ನೂರು ಫಲಿತಾಂಶ ಯಾಕ ಕೆಡಸ್ಕೋಬೇಕು?" ಎಂದು ಅಧ್ಯಕ್ಷರು ಹೇಳಿದರು. ಅವರು ಮೇಜಿನ ಆ ತುದಿಯಲ್ಲಿ ಮುಖ್ಯೋಪಾಧ್ಯಾಯರಿಗೆ ಮೆಲ್ಲಗೆ ಹೇಳಿದ್ದು. ಆದರೆ ಅವರಿಗೆ ಮೀಸೆ ಇಲ್ಲ, ತುಟಿ ಬಿಡಿಸಿ ಮಾತನಾಡುತ್ತಾರೆ. ನನಗೆ ಒಂದಕ್ಷರವೂ ತಪ್ಪಲಿಲ್ಲ.

ಪರೀಕ್ಷೆಗೆ ಇನ್ನೂ ವರ್ಷವಿದೆ. ಹುಡುಗಿ ಅಷ್ಟರೊಳಗೇ ನಪಾಸೇ? ಅವಳ ಅರ್ಧವಾರ್ಷಿಕ ಪರೀಕ್ಷೆಯ ವಿಜ್ಞಾನದ ಅಂಕ ನೋಡಿದಿರಾ? ಕೇಳಿದಿರಾ? ಇಲ್ಲ. ಕಿವಿ ಕೇಳುವವರು ನೀವು, ಕೇಳಲಿಲ್ಲ.

ಅಧ್ಯಕ್ಷರೇ, ನೀವು ಈಗ ಏನೋ ಹೇಳಿದಿರಿ. ಕರವಸ್ತ್ರ ಅಡ್ಡ ಇತ್ತು, ಬಾಯಿ ಕಾಣಲಿಲ್ಲ. ಪರದೆಯ ಮೇಲೂ ಬರಲಿಲ್ಲ, ಹಾಗಾಗಿ ನನಗೆ ಗೊತ್ತಾಗಲಿಲ್ಲ.

ಅಯ್ಯೋ. ಬಾಯಿಂದ ಬಂದೇಬಿಟ್ಟಿತಲ್ಲ!

ಬಂದದ್ದು ಬಂತು. ಇನ್ನು ಮುಚ್ಚಿಡುವುದೇಕೆ? ಹೌದು, ಅವ್ವನ ಕಿವಿಯೇ ನನಗೂ ಬಂದಿದೆ. ಕೆಲವು ವರ್ಷವಾಯಿತು. ಈ ಪುಟವನ್ನು ನಾನು ಮೊದಲು ಹುಡುಕಿದ್ದು ಅಫ್ರೀನಳಿಗಾಗಿ ಅಲ್ಲ, ನನಗಾಗಿ. ಮುಂದೆ ಬಂದು ಪುಸ್ತಕದ ಕನ್ನಡದಲ್ಲಿ ಪ್ರಶ್ನೆ ಕೇಳಿ ಎಂದ ನಿಯಮವೂ ನಮ್ಮಿಬ್ಬರಿಗಾಗಿ. ಹೇಳಿದರೆ ತರಗತಿ ಕಸಿದುಕೊಳ್ಳುತ್ತೀರಿ ಎಂದು ಹೇಳಲಿಲ್ಲ. ಕಸಿದುಕೊಳ್ಳುತ್ತಿದ್ದಿರಿ ಎಂಬುದು ಈಗ ಸಾಬೀತಾಯಿತಲ್ಲ! ಈ ವರ್ಷಗಳಲ್ಲಿ ನನ್ನ ವಿಷಯದಲ್ಲಿ ಒಂದು ಮಗುವೂ ನಪಾಸಾಗಿಲ್ಲ. ಆ ನೂರಕ್ಕೆ ನೂರನ್ನು ಬಾಗಿಲ ಮೇಲೆ ಬ್ಯಾನರು ಮಾಡಿ ಕಟ್ಟಿದವರು ನೀವೇ. ಕಿವುಡಿ ಕಲಿಸಿದರೆ ಫಲಿತಾಂಶ ಕೆಡಲಿಲ್ಲ, ಕಿವುಡಿ ಕಲಿತರೆ ಕೆಡುತ್ತದೆಯೇ?

ಅಫ್ರೀನ, ಅಳಬೇಡ. ಕಣ್ಣು ಒರೆಸಿಕೋ, ಇಲ್ಲದಿದ್ದರೆ ನೀನು ಮುಂದಿನ ಸಾಲು ಓದಲಾರೆ.

ಸಭಿಕರೇ, ಈ ಶಾಲು ತುಂಬ ಚೆನ್ನಾಗಿದೆ. ಆದರೆ ಉತ್ತರ ಸಿಗುವವರೆಗೆ ನಾನು ಹೊದೆಯುವುದಿಲ್ಲ. ಸೋಮವಾರದಿಂದ ನನಗೆ ಪಾಠವಿಲ್ಲ, ಬರಬೇಡಿ ಎನ್ನುತ್ತೀರಿ. ನಾನು ಬರುತ್ತೇನೆ. ಹೊಸ ಮಾಸ್ತರರಿಗೆ ಈ ಪುಟ ತೆರೆಯುವುದನ್ನು ಹೇಳಿಕೊಡುತ್ತೇನೆ, ಪುಕ್ಕಟೆ. ಗೇಟು ಹಾಕಿದರೆ ಗೇಟಿನ ಹೊರಗೆ ಕುಳಿತು ಅಫ್ರೀನಳಿಗೆ ಪಾಠ ಹೇಳುತ್ತೇನೆ, ಅದೂ ಪುಕ್ಕಟೆ. ಬೆಟಗೇರಿಯ ಜನ ಹೋಗುತ್ತ ಬರುತ್ತ ನೋಡಲಿ.

ನನ್ನನ್ನು ಸಾಕಿದ ಈ ಶಾಲೆಗೆ, ಸಹಿಸಿದ ಸಹೋದ್ಯೋಗಿಗಳಿಗೆ, ಪುಸ್ತಕದ ಕನ್ನಡ ಮಾತನಾಡಿದ ನನ್ನ ಮಕ್ಕಳಿಗೆ, ಇಷ್ಟು ಹೊತ್ತು ಕುಳಿತ ನಿಮಗೆಲ್ಲ ನಾನು ಋಣಿ. ಸುಭಾಷ, ಈಗ ಅಧ್ಯಕ್ಷರೇ ಎನ್ನುವುದಿಲ್ಲಪ್ಪ, ನನ್ನ ಶಿಷ್ಯ ಎಂದೇ ಕರೆಯುತ್ತೇನೆ. ಅಫ್ರೀನ ಜೂನ್ ತಿಂಗಳಲ್ಲಿ ಹತ್ತನೆಯ ತರಗತಿಯಲ್ಲಿ, ಆ ಪ್ರೊಜೆಕ್ಟರಿನ ಮುಂದೆ ಕೂರುತ್ತಾಳೋ ಇಲ್ಲವೋ? ತಲೆ ಆಡಿಸಬೇಡ. ತಲೆ ಆಡಿಸಿದರೆ ಏನರ್ಥ ಎಂಬುದು ಮಗ್ಗದ ಮನೆಯವರಿಗೆ ಗೊತ್ತು. ಇಲ್ಲಿಗೆ ಬಾ, ಈ ಫೋನಿನ ಹತ್ತಿರ, ನಾನು ಕಲಿಸಿದ ಕನ್ನಡದಲ್ಲಿ, ಬಿಡಿಸಿ ಹೇಳು. ನಾವಿಬ್ಬರೂ ಓದುತ್ತೇವೆ.

ಎಲ್ಲರಿಗೂ ನಮಸ್ಕಾರ. ನಾನು ಕುಳಿತುಕೊಳ್ಳುವುದಿಲ್ಲ, ಪರದೆಯ ಕಡೆ ತಿರುಗಿ ಇಲ್ಲೇ ನಿಂತಿರುತ್ತೇನೆ.