ಕೊಟ್ಟೆ ಅಂದ್ರಾ, ಕೊಡ್ತೀನಿ ಅಂದ್ರಾ?

ಹೂಂ, ಬೀಡಿ ಹಚ್ಚದೆ ಮಾತು ಶುರು ಮಾಡಿದ್ನಲ್ಲ, ಅಲ್ಲೇ ನಂಗೆ ಗುಮಾನಿ ಬಂದದ್ದು. ಖಾದರ್, ಅಂದ್ರೆ ನನ್ನ ಗಂಡನ, ನಿಮ್ಮ ನಾನಾನ ಅಣ್ಣ, ಬೀಡಿ ಇಲ್ದೆ ಬಾಯಿ ತೆಗೆದವನೇ ಅಲ್ಲ. ಅವನಿಗೆ 'ಅವರು' ಅನ್ನೋಕೆ ಇವತ್ತಿಗೂ ನನ್ನ ನಾಲಿಗೆ ಹೊರಳಲ್ಲ, ಬಿಡಿ. ನಾವಾಗ ರಿಪ್ಪನ್‌ಪೇಟೆಲಿ ಅವನ ಸಂಸಾರದ ಜೊತೆ ಒಂದೇ ಮನೇಲಿದ್ವಿ. ನಿಮ್ಮ ನಾನಾ ಲಿಂಗನಮಕ್ಕಿ ಕಟ್ಟೆ ಕೆಲಸಕ್ಕೆ ಹೋಗಿ ಕಾರ್ಗಲ್ ಶೆಡ್ಡಲ್ಲಿದ್ರು, ಗಾರೆ ಕೆಲಸ. ನಿಮ್ಮಮ್ಮ ನನ್ನ ಹೊಟ್ಟೇಲಿ. ಇವನು ತಮ್ಮನ್ನ ನೋಡ್ಕೊಂಡು ಬರ್ತೀನಿ ಅಂತ ಹೋಗಿದ್ದ. ಬಂದವನು ಬಾಗಿಲಲ್ಲೇ ನಿಂತ. ನಾನು ಮೀನು ಹೆಚ್ತಾ ಇದ್ದೆ, ಅಲ್ಲ ಅಲ್ಲ, ಮೀನೆಲ್ಲಿತ್ತು ಆವಾಗ, ರೇಷನ್ ಅಕ್ಕಿ ಆರಿಸ್ತಾ ಇದ್ದೆ, ಬರೀ ಕಲ್ಲು. ನನ್ನ ಮುಖ ನೋಡ್ದೆ ಗೋಡೆ ನೋಡ್ಕೊಂಡು ಹೇಳಿದ, "ಬೀಬಿ, ಗಫೂರ್ ನಿಂಗೆ ತಲಾಖ್ ಕೊಟ್ಟ. ನನ್ನೆದುರೇ ಅಂದ. ನಾಳೆ ನಿನ್ನ ಅಬ್ಬಾನ ಮನೆಗೆ ಹೊರಡು."

ನಂಗೆ ಅಳು ಬರ್ಲಿಲ್ಲ ಗೊತ್ತಾ? ಅಳು ಬರೋ ಮುಂಚೆ ಒಳಗೆ ಪಾತ್ರೆ ಸದ್ದು ಕೇಳ್ತು. ಹೋಗಿ ನೋಡಿದ್ರೆ ಖಾದರನ ಹೆಂಡತಿ ನನ್ನ ಪಾತ್ರೆ ಆಗ್ಲೇ ಗೋಣಿಗೆ ತುಂಬ್ತಾ ಇದಾಳೆ! ಗಂಡ ಈಗ ಬಾಗಿಲಿಗೆ ಬಂದಿದಾನೆ, ಇವಳಿಗೆ ಯಾರು ಹೇಳಿದ್ರು? ಅಂದ್ರೆ ಹೋಗೋ ಮೊದ್ಲೇ ಇಬ್ಬರೂ ಮಾತಾಡ್ಕೊಂಡಿದಾರೆ. ಅವಳಿಗೊಬ್ಳು ತಂಗಿ ಇದ್ಲು, ಆ ಹುಡುಗೀನ ನಿಮ್ಮ ನಾನಾಗೆ ಮಾಡ್ಕೋಬೇಕು ಅಂತ ನನ್ನ ನಿಕಾಹ್‌ಗೆ ಮುಂಚಿಂದ ಅವರ ಆಸೆ. ಪಾಪ ಆ ಹುಡುಗಿದೇನೂ ತಪ್ಪಿಲ್ಲ, ಅದು ಬೇರೆ ಮಾತು.

ನಾನು ಸೆರಗು ಹೊದ್ಕೊಂಡು ಸೀದಾ ಆಪಾನ ಮನೆಗೆ ಹೋದೆ. ಆಪಾ ಅಂದ್ರೆ ಮಸೀದೀಲಿ ನಮಾಜ್ ಮಾಡ್ಸೋ ಹಜರತ್ರ ಹೆಂಡತಿ. ಮಧ್ಯಾಹ್ನ ನಮ್ಮಂಥ ಹೆಂಗಸರಿಗೆ ಕುರಾನ್ ಕಲಿಸ್ತಿದ್ರು, ಬರೀ ಓದೋದಲ್ಲ, ಅರ್ಥಾನೂ ಹೇಳ್ತಿದ್ರು. ಹಜರತ್ರು ಪರದೆ ಆಚೆಯಿಂದ ಎಲ್ಲಾ ಕೇಳಿ ಸಂಜೆ ನಮ್ಮನೆಗೆ ಬಂದ್ರು. ನಿಜ ಹೇಳ್ತೀನಿ, ನಂಗೆ ಅವರ ಮೇಲೂ ನಂಬಿಕೆ ಇರ್ಲಿಲ್ಲ. ಗಂಡಸರೆಲ್ಲ ಒಂದೇ ಸಾಲಲ್ಲಿ ನಮಾಜ್ ಮಾಡೋರು, ಕೊನೆಗೆ ಒಂದೇ ಮಾತಾಡ್ತಾರೆ ಅಂತ ಬಾಗಿಲ ಹಿಂದೆ ಕಿವಿಯಿಟ್ಟು ನಿಂತೆ.

"ಖಾದರ್, ಗಫೂರ್ ಹೇಳಿದ್ದನ್ನ ನಿನ್ನ ಬಿಟ್ಟು ಇನ್ಯಾರು ಕೇಳಿದಾರೆ?"

"ನಾನು ಸುಳ್ಳು ಹೇಳ್ತೀನಾ ಹಜರತ್?"

"ಹಾಗಂದಿಲ್ಲಪ್ಪ. ಒಂದ್ಸಲ ಅವನ ಬಾಯಲ್ಲೇ ಕೇಳೋಣ. ತಲಾಖ್ ಆಗಿದ್ರೂ ಬಸುರಿಗೆ ಹೆರಿಗೆವರೆಗೂ ಇದ್ದತ್, ಅಂದ್ರೆ ಕಾಯೋ ಕಾಲ. ಅಷ್ಟರವರೆಗೆ ಮನೆಯಿಂದ ಹೊರಗೆ ಹಾಕೋ ಹಾಗಿಲ್ಲ, ಊಟ ಬಟ್ಟೆ ಗಂಡನದ್ದೇ. ಕುರಾನಲ್ಲೇ ಇದೆ."

ಖಾದರ್ ಒಂಥರಾ ನಕ್ಕ. "ನಿಮ್ಮನೆಗೇ ಬರೋಳಲ್ವಾ, ನೀವು ಹಾಗೇ ಹೇಳ್ಬೇಕು."

ಆ ನಗು ಕೇಳಿದ್ನಲ್ಲ, ನನ್ನನ್ನ ಹಜರತ್ರ ಜೊತೆ ಸೇರ್ಸಿ ಇವನು ಕಾರ್ಗಲ್ಲಲ್ಲಿ ಏನು ಹೇಳಿ ಬಂದಿದಾನೆ ಅಂತ ಆಗ ಅರ್ಥ ಆಯ್ತು ನೋಡಿ.

ನನ್ನ ಅಬ್ಬಾಗೆ ಹೇಳಿ ಕಳಿಸಿದೆ. ಅಬ್ಬಾ, ಹಜರತ್ರು, ನಾನು, ಆನಂದಪುರದ ಮೇಲೆ ಸಾಗರ, ಅಲ್ಲಿಂದ ಇನ್ನೊಂದು ಬಸ್ಸು. ದಾರಿ ಉದ್ದಕ್ಕೂ ವಾಂತಿ. ಕಾರ್ಗಲ್ಲಲ್ಲಿ ಇಳಿದ್ರೆ ಧೂಳೋ ಧೂಳು, ಲಾರಿಗಳು, ಎಲ್ಲೆಲ್ಲಿಂದಲೋ ಬಂದ ಜನ. ನಿಮ್ಮ ನಾನಾ ಶೆಡ್ಡಿಂದ ಬಂದ್ರು, ನನ್ನ ನೋಡ್ಲಿಲ್ಲ, ನನ್ನ ಹೊಟ್ಟೆ ನೋಡಿದ್ರು. ಆ ನೋಟ ನಾನು ಮರೀಲಿಲ್ಲ ಮಕ್ಳೇ. ಹಜರತ್ರು ಕೇಳಿದ್ರು, "ಅಣ್ಣನ ಹತ್ರ ಏನಂದೆ? ಆಡಿದ ಮಾತನ್ನ ಹಾಗೇ ಹೇಳು." ಇವರು ಹಲ್ಲು ಕಚ್ಕೊಂಡು, "ಅವಳು ದಿನಾ ನಿಮ್ಮನೆ ಸುತ್ತೋದು ನಿಲ್ಸಿಲ್ಲ ಅಂದ್ರೆ ತಲಾಖ್ ಕೊಟ್ಟುಬಿಡ್ತೀನಿ ಅಂದೆ."

"ಕೊಟ್ಟೆ ಅಂದ್ಯಾ, ಕೊಡ್ತೀನಿ ಅಂದ್ಯಾ?"

"ಕೊಡ್ತೀನಿ ಅಂದೆ."

"ಅದು ಹೆದರಿಸೋ ಮಾತು, ತಲಾಖ್ ಅಲ್ಲ. ನಿಕಾಹ್ ಹಾಗೇ ಇದೆ."

ನಂಗೆ ಉಸಿರು ಬಂತು. ಆದ್ರೆ ಇವರು ಸುಮ್ನಿರ್ಬೇಕಲ್ಲ! "ಯಾರ ಮೇಲೆ ನಂಗೆ ಅನುಮಾನವೋ ಅವರೇ ತೀರ್ಪು ಹೇಳೋದಾ?" ಅಂದುಬಿಟ್ರು. ಅಬ್ಬಾ ಕೈ ಎತ್ತಿದ್ರು. ಹಜರತ್ರು ಅಬ್ಬಾನ ಕೈ ಹಿಡ್ಕೊಂಡು, ಮುಖ ಕೆಂಪಾಗಿತ್ತು ಅವರದ್ದು, "ಸರಿ, ನನ್ನ ಮಾತು ಬೇಡ. ಸಾಗರದಲ್ಲಿ ವಯಸ್ಸಾದ ಮೌಲವಿ ಒಬ್ರಿದಾರೆ, ನಮ್ಮನ್ಯಾರನ್ನೂ ಕಂಡವರಲ್ಲ. ಅಲ್ಲಿಗೆ ನಡಿ" ಅಂದ್ರು.

ಆ ಮುದುಕರು ತಲಾಖ್ ವಿಷಯ ಹಜರತ್ರ ಹಾಗೇ ಹೇಳಿದ್ರು. ಆಮೇಲೆ ನಿಮ್ಮ ನಾನಾನ ಕಡೆ ತಿರುಗಿ, "ಹೆಂಗಸಿನ ಮಾನದ ಮೇಲೆ ಮಾತಾಡಿದೀಯ. ಅದಕ್ಕೆ ನಾಲ್ಕು ಸಾಕ್ಷಿ ಬೇಕು, ಇದೆಯಾ?"

"ಇಲ್ಲ."

"ಹೋಗ್ಲಿ, ನೀನೇ ನೋಡಿದ್ಯಾ?"

"ಅಣ್ಣ ಹೇಳಿದ."

"ಅವನು ನೋಡಿದ್ನಾ?"

ಮುದುಕರೇ ಮುಂದುವರಿಸಿದ್ರು. "ನೋಡದೆ ಇಂಥ ಮಾತು ಹೊರಿಸಿದವನಿಗೆ ಶಿಕ್ಷೆ ಹೇಳಿದೆ ಶರೀಅತ್, ಹೆಂಗಸಿಗಲ್ಲ. ಅವಳು ಓದೋಕೆ ಹೋಗಿದ್ದು. ಓದು ಅವಳಿಗೂ ಫರ್ಜ್, ನಿಂಗೂ ಫರ್ಜ್, ಬಿಡೋ ಹಾಗಿಲ್ಲದ ಕೆಲಸ. ನೀನು ಓದಿದ್ಯಾ?" ಇವರು ಹಜರತ್ರ ಕೈ ಹಿಡ್ಕೊಂಡು ಮಾಫಿ ಕೇಳಿದ್ರು. ನನ್ನ ಹತ್ರ ಕೇಳ್ಲಿಲ್ಲ. ನಾನೇ ಬಾಯಿ ಬಿಟ್ಟೆ. "ಆ ಮನೆಗೆ ನಾನು ಕಾಲಿಡಲ್ಲ. ಒಂದೇ ಕೋಣೆ ಆಗ್ಲಿ, ನನ್ನ ಬಾಗಿಲು ನನ್ನದಾಗಿರ್ಬೇಕು." ಮುದುಕರು, "ಅದು ಅವಳ ಹಕ್ಕು, ಕೊಡ್ಬೇಕು" ಅಂದ್ರು.

ಹಾಗೆ ಕಾರ್ಗಲ್ಲಿನ ತಗಡಿನ ಶೆಡ್ಡಲ್ಲಿ ಸಂಸಾರ ಹೂಡಿದ್ವಿ, ನಿಮ್ಮಮ್ಮ ಅಲ್ಲೇ ಹುಟ್ಟಿದ್ಲು. ಕೂಸನ್ನ ಎತ್ಕೊಂಡು ಇವರು ಬಹಳ ಹೊತ್ತು ಅತ್ರು, ಆವಾಗ ನನ್ನ ಹತ್ರಾನೂ ಮಾಫಿ ಕೇಳಿದ್ರು. ಕೊಟ್ಟೆ. ಬಾಳಿದ್ವಿ, ಚೆನ್ನಾಗೇ ಬಾಳಿದ್ವಿ. ಆದ್ರೂ ಖಾದರ್ ಮನೆಗೆ ಬಂದಾಗೆಲ್ಲ ನಾನು ಒಳಗೆ ಹೋಗ್ತಿರ್ಲಿಲ್ಲ, ಅಲ್ಲೇ ಎದುರು ಕೂತ್ಕೊಂಡು ಅವನ ಬಾಯೇ ನೋಡ್ತಿದ್ದೆ. ನೀವೂ ಅಷ್ಟೇ. ಅವರು ಹಿಂಗಂದ್ರು ಅಂತ ಯಾರಾದ್ರೂ ಮಾತು ತಂದ್ರೆ, ಬಸ್ ಹತ್ತಿ ಹೋಗಿ ಅಂದವರನ್ನೇ ಕೇಳಿ. ಅಲ್ಲೀವರೆಗೆ ಗಂಟುಮೂಟೆ ಕಟ್ಬೇಡಿ.