ಕಾಂಡ್ಲಾ ಗಿಡ ಕಿತ್ತವರ ಬಸ್ಸನ್ನು ತಡೆದ ಬಗ್ಗೆ

ಹೆಸರು: ತಂಕಮಣಿ ಕೆ., ಗಂಡ ದಿ. ಬಾಲಗೋಪಾಲನ್, ವಯಸ್ಸು 54, ಉದ್ಯೋಗ ಖಾಸಗಿ ಸರ್ವೇಯರ್, ವಾಸ ಪುತ್ತಂಕಡವು, ಪಯ್ಯನ್ನೂರು ತಾಲ್ಲೂಕು, ಕಣ್ಣೂರು ಜಿಲ್ಲೆ.

ಠಾಣಾಧಿಕಾರಿಗಳಾದ ತಾವು ಕೇಳಿದ್ದಕ್ಕೆ ಈ ಮೂಲಕ ತಿಳಿಸುವುದೇನೆಂದರೆ, ಗೇಟಿಗೆ ಬೀಗ ಹಾಕಿದವಳು ನಾನೇ. ಬೇರೆ ಯಾರನ್ನೂ ವಿಚಾರಿಸುವ ಅಗತ್ಯವಿಲ್ಲ.

ಮೂರು ವರ್ಷದಿಂದ ಪ್ರತಿ ಭಾನುವಾರ ನಾನು, ಮೀನುಗಾರರಾದ ಅಂಬಾಡಿಯವರು ಮತ್ತು ಊರಿನ ಕೆಲವರು ಹಿನ್ನೀರಿನ ದಂಡೆಯಲ್ಲಿ, ಉಪ್ಪುನೀರಿನ ಕೆಸರಿನಲ್ಲಿ ಬೆಳೆಯುವ ಕಾಂಡ್ಲಾ (ಮ್ಯಾಂಗ್ರೋವ್) ಗಿಡ ನೆಡುತ್ತಿದ್ದೇವೆ. ಇದಕ್ಕೆ ಯಾರೂ ಸಂಬಳ ಕೊಡುವುದಿಲ್ಲ, ನಾವು ಕೇಳಿಯೂ ಇಲ್ಲ. ಮೊದಲ ವರ್ಷ ಕಣ್ಣಂದಾಜಿನಲ್ಲಿ ತಗ್ಗಿಗೆ ನೆಟ್ಟೆವು, ಎಲ್ಲ ಕೊಳೆತವು. ಎರಡನೆಯ ವರ್ಷ ಎತ್ತರಕ್ಕೆ ನೆಟ್ಟೆವು, ಒಣಗಿದವು. ಈ ವರ್ಷ ನಾನು ನನ್ನ ಲೆವೆಲ್ ಯಂತ್ರವನ್ನು ಕೆಸರಿಗೇ ಇಳಿಸಿ, ಉಬ್ಬರದ ನೀರು ಎಲ್ಲಿಗೆ ಬಂದು ಎಲ್ಲಿಂದ ಇಳಿಯುತ್ತದೆ ಎಂದು ಅಳೆದು, ಜೂನ್‌ನಲ್ಲಿ ಸುಮಾರು ಆರುನೂರು ಸಸಿ ನೆಡಿಸಿದೆ. ಕಾಂಡ್ಲಾ ಸಸಿ ಎಳೆಯದಾಗಿದ್ದಾಗ ನುಗ್ಗೆಕಾಯಿಯಂತೆ ಇರುತ್ತದೆ. ಎಲೆ ಇನ್ನೂ ಬಂದಿರಲಿಲ್ಲ, ಆದರೆ ಬೇರು ಬಿಟ್ಟಿದ್ದವು.

ಈ ದಿನ ಭಾನುವಾರ ಬೆಳಿಗ್ಗೆ ನಾನು ನೆಂಟರ ಮನೆಯ ಗೃಹಪ್ರವೇಶಕ್ಕೆ ಹೋಗಿದ್ದೆ, ನಾನಿಲ್ಲವೆಂದು ಉಳಿದವರೂ ಬಂದಿರಲಿಲ್ಲ. ಮಧ್ಯಾಹ್ನ ಒಂದು ಗಂಟೆಗೆ ದಂಡೆಗೆ ಬಂದಾಗ ದನ ನುಗ್ಗದಿರಲೆಂದು ನಾವೇ ಹಾಕಿಸಿದ ಗೇಟಿನ ಒಳಗೆ ಒಂದು ಬಸ್ಸು ನಿಂತಿತ್ತು. ಕೊಚ್ಚಿಯ ಒಂದು ಕಂಪನಿಯ ಇಪ್ಪತ್ತೈದು ಜನ ಹಸಿರು ಟೀ ಶರ್ಟ್ ಹಾಕಿಕೊಂಡು, 'ಪ್ರಕೃತಿಗಾಗಿ ನಾಲ್ಕು ಗಂಟೆ' ಎಂಬ ಬ್ಯಾನರ್ ಹಿಡಿದು ಫೋಟೋ ತೆಗೆಸಿಕೊಳ್ಳುತ್ತಿದ್ದರು. ನಮ್ಮ ಸಸಿಗಳನ್ನೆಲ್ಲ ಕಿತ್ತು ಬಸ್ಸಿನ ಪಕ್ಕ ರಾಶಿ ಹಾಕಿದ್ದರು. ಅವು ಇದ್ದ ಜಾಗದ ನಡುನಡುವೆ ನರ್ಸರಿಯಿಂದ ತಂದ ಗುಲ್‌ಮೊಹರ್ ನೆಟ್ಟಿದ್ದರು. ದಿನಕ್ಕೆ ಎರಡು ಸಲ ಉಪ್ಪುನೀರು ನಿಲ್ಲುವ ಜಾಗದಲ್ಲಿ ಗುಲ್‌ಮೊಹರ್! ನನಗೆ ಮೈಯೆಲ್ಲ ಉರಿದುಹೋಯಿತು.

ಅವರ ಮುಖಂಡ ನಿಖಿಲ್ ವರ್ಗೀಸ್ ಎಂಬವರು, "ಏಡಿ ಹಿಡಿಯೋರು ನೆಟ್ಟ ಕೋಲು ಅಂದ್ಕೊಂಡ್ವಿ ಮೇಡಂ. ಜಾಗ ಕ್ಲೀನ್ ಮಾಡಿ ಕೊಟ್ಟಿದೀವಲ್ಲ" ಎಂದು ನಗುತ್ತ ಹೇಳಿದರು.

ನಾನು, "ಒಂದಿನ ನಿಮ್ಮ ಆಫೀಸಿಗೆ ಬಂದು, ಕಂಪ್ಯೂಟರಲ್ಲಿರೋದೆಲ್ಲ ಕಸ ಅಂತ ಅಳಿಸಿ ಫೋಟೋ ತೆಗೆಸ್ಕೊಂಡು ಹೋದ್ರೆ, ನಂಗೆ ಚಹಾ ಕೊಟ್ಟು ಕಳಿಸ್ತೀರಾ?" ಎಂದು ಕೇಳಿದೆ.

ಕಿತ್ತ ಗುಂಡಿಗಳು ಕೆಸರಿನಲ್ಲಿ ಇನ್ನೂ ಕಾಣುತ್ತಿದ್ದವು. ನೀರು ಏರಿ ಅವು ಮುಚ್ಚಿಹೋದರೆ ನಾನು ಅಳೆದ ಸಾಲು ನನಗೂ ಸಿಗುವುದಿಲ್ಲ, ಬೇರು ಒಣಗಿದರೆ ಸಸಿಯೂ ಉಳಿಯುವುದಿಲ್ಲ. ಅದಕ್ಕೇ, ಕಿತ್ತವರೇ ಈಗಲೇ ವಾಪಸ್ ನೆಡಬೇಕೆಂದು ಹೇಳಿದೆ. ನಿಖಿಲ್ ಅವರು ವಾಚು ನೋಡಿಕೊಂಡು, "ನಮ್ಮ ನಾಲ್ಕು ಗಂಟೆ ಮುಗೀತು. ಪಯ್ಯನ್ನೂರಲ್ಲಿ ಬಿರಿಯಾನಿ ಹೇಳಿಟ್ಟಿದೀವಿ, ತಣ್ಣಗಾಗತ್ತೆ" ಎಂದರು. ಆಗ ನಾನು ಗೇಟಿಗೆ ಬೀಗ ಹಾಕಿ ಕೀಲಿಯನ್ನು ಸೆರಗಿಗೆ ಕಟ್ಟಿಕೊಂಡೆ.

ಹತ್ತು ಹನ್ನೆರಡು ಜನ ಗೊಣಗುತ್ತ ಕೆಸರಿಗೆ ಇಳಿದರು. ಉಳಿದವರು ಏಸಿ ಹಾಕಿಸಿಕೊಂಡು ಬಸ್ಸಿನಲ್ಲೇ ಕುಳಿತರು. ಆನ್ ಮರಿಯಾ ಎಂಬ ಹುಡುಗಿ ಪ್ರತಿ ಸಸಿಯನ್ನೂ ಎತ್ತಿ ತೋರಿಸಿ, "ಚೇಚಿ, ಇದರಲ್ಲಿ ಯಾವ ಕಡೆ ಮೇಲೆ?" ಎಂದು ಕೇಳುತ್ತಿದ್ದಳು. ಮೊದಲು ಅವಳಿಗೂ ಬೈದೆ. ಆಮೇಲೆ ಅವಳೊಬ್ಬಳೇ ಒಂದು ಸಾಲು ಮುಗಿಸಿದಳು.

ಮೂರು ಸಾಲು ಆಗುವಷ್ಟರಲ್ಲಿ, ಎರಡೂವರೆಗೆ, ಅವರ ಫೋನಿನ ಮೇರೆಗೆ ತಾವು ಬಂದಿರಿ. ನೀರು ಏರುವ ಮೊದಲು, ನಾಲ್ಕು ಗಂಟೆವರೆಗೆ ಅವರಿಂದ ನೆಡಿಸಲು ಬಿಡಿ ಎಂದು ಕೈಮುಗಿದು ಕೇಳಿದೆ. ತಾವು, "ಗಿಡ ನಾಳೆ ನೆಟ್ಕೊಳ್ಳಿ, ಜನರನ್ನ ಈಗ ಬಿಡಿ" ಎಂದಿರಿ. ಗೇಟು ತೆಗೆದೆ. ನಿಖಿಲ್ ಅವರು ಹೆಸರು ಹಿಡಿದು ಕರೆದಾಗ ಆನ್ ಮರಿಯಾ ಕೈಯಲ್ಲಿದ್ದ ಸಸಿಗಳನ್ನು ನನಗೆ ಕೊಟ್ಟು ಬಸ್ಸು ಹತ್ತಿದಳು. ಬಸ್ಸು ಬಿರಿಯಾನಿಗೆ ಹೋಯಿತು, ನಾನು ಉಳಿದ ಸಸಿ ನೆಡಲು ಅಂಬಾಡಿಯವರಿಗೆ ಫೋನಿನಲ್ಲಿ ಹೇಳಿ ತಮ್ಮ ಜೀಪಿನಲ್ಲಿ ಇಲ್ಲಿಗೆ ಬಂದೆ.

ಕ್ಷಮೆ ಕೇಳಿ ಬರೆದುಕೊಟ್ಟರೆ ಕಂಪನಿಯವರು ದೂರು ವಾಪಸ್ ಪಡೆಯುತ್ತಾರೆಂದು ತಾವು ತಿಳಿಸಿದಿರಿ. ಬರೆದುಕೊಡುವುದಿಲ್ಲ. ಈ ಹೇಳಿಕೆ ಕೊಡುತ್ತಿರುವಾಗಲೇ ಅಂಬಾಡಿಯವರು ಫೋನ್ ಮಾಡಿ, "ಚೇಚಿ, ಒಬ್ಬನ ಕೈಲಿ ಆಗ್ಲಿಲ್ಲ. ನೀರು ಬಂತು, ಗುಂಡಿ ಕಾಣ್ತಿಲ್ಲ. ಮೇಲೆ ಬಂದ್ಬಿಟ್ಟೆ" ಎಂದರು. ಇಪ್ಪತ್ತೈದು ಜನರನ್ನು ಒಂದೂಕಾಲು ಗಂಟೆ ತಡೆದದ್ದು ನಿಜ. ತಾವು ಹೇಳಿದಿರೆಂದು ಗೇಟು ತೆಗೆದೆನಲ್ಲ, ನನಗೆ ಪಶ್ಚಾತ್ತಾಪ ಇರುವುದು ಅದೊಂದಕ್ಕೇ.

ಮೇಲಿನದನ್ನು ಓದಿಸಿ ಕೇಳಿದ್ದೇನೆ. ಸಿಟ್ಟಿನಲ್ಲಿ ಹೇಳಿದ್ದೇನೆ, ಸುಳ್ಳು ಹೇಳಿಲ್ಲ.

ಸ್ಥಳ: ಪುತ್ತಂಕಡವು ಠಾಣೆ
ದಿನಾಂಕ: 14-7-2024
ಸಹಿ: ತಂಕಮಣಿ ಕೆ.